ಪಹಣಿಗೆ ಬರದ ವಿಷ

2025ರ ಜನವರಿ 1ರ ರಾತ್ರಿ ಭೋಪಾಲದ ಹಳೆಯ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಹನ್ನೆರಡು ಕಂಟೇನರ್‌ಗಳು ಪೊಲೀಸ್ ಕಾವಲಿನಲ್ಲಿ ಹೊರಬಿದ್ದವು. ಅವುಗಳಲ್ಲಿದ್ದದ್ದು ಸುಮಾರು 337 ಟನ್ ವಿಷತ್ಯಾಜ್ಯ. ಇಂದೋರ್ ಬಳಿಯ ಪೀಥಂಪುರದ ದಹನ ಘಟಕದಲ್ಲಿ ಜೂನ್ ಮುಗಿಯುವ ಹೊತ್ತಿಗೆ ಅದೆಲ್ಲ ಸುಟ್ಟು ಮುಗಿಯಿತು. ನಲವತ್ತು ವರ್ಷಗಳ ಹಳೆಯ ಬಾಕಿಯೊಂದು ತೀರಿತು ಎನ್ನುವ ಧಾಟಿಯಲ್ಲೇ ಬಹುತೇಕ ಸುದ್ದಿಗಳು ಬಂದವು. ಆದರೆ ಆ 337 ಟನ್ ಎಂದರೆ, ಆವರಣದಲ್ಲಿ ಬಿದ್ದಿದ್ದನ್ನು ಬಾಚಿ, ಚೀಲ ಕಟ್ಟಿ ಶೆಡ್ಡಿನಲ್ಲಿ ಇಟ್ಟಿದ್ದ ಭಾಗ ಮಾತ್ರ. ನಾಗಪುರದ ನೀರಿ ಮತ್ತು ಹೈದರಾಬಾದಿನ ಎನ್‌ಜಿಆರ್‌ಐ ಸಂಸ್ಥೆಗಳು 2010ರಲ್ಲಿ ಕೊಟ್ಟ ಅಂದಾಜಿನಂತೆ ಅಲ್ಲಿ ಶುದ್ಧೀಕರಣ ಬೇಕಾದ ಮಣ್ಣೇ ಸುಮಾರು 11 ಲಕ್ಷ ಟನ್. ಬಾಚಿ ಸಾಗಿಸಿದ್ದಕ್ಕಿಂತ ನೆಲದಲ್ಲಿ ಉಳಿದದ್ದು ಮೂರು ಸಾವಿರ ಪಟ್ಟು ಹೆಚ್ಚು. 1998ರಲ್ಲಿ ಆ ಜಮೀನು ಮಧ್ಯಪ್ರದೇಶ ಸರ್ಕಾರದ ಕೈಗೆ ಮರಳಿತು. ಅಲ್ಲಿ ಸ್ಮಾರಕ ಬರಬೇಕು, ಉದ್ಯಾನ ಬರಬೇಕು ಎಂಬ ಮಾತು ಆಗಾಗ ಏಳುತ್ತದೆ. ಅಲ್ಲಿ ಏನು ಬರಬಾರದು, ಅದನ್ನು ತಡೆಯುವವರು ಯಾರು, ಎಷ್ಟು ವರ್ಷ ತಡೆಯಬೇಕು ಎಂಬ ಪ್ರಶ್ನೆಗಳು ಅಷ್ಟಾಗಿ ಕೇಳಿಬರುವುದಿಲ್ಲ.

ವಿಷ ಇಳಿದ ಕೈಗಾರಿಕಾ ಜಮೀನಿನ ಬಗ್ಗೆ ನಾವು ಆಡುವ ಮಾತೆಲ್ಲ ಶುದ್ಧೀಕರಣದ ಸುತ್ತಲೇ ಸುತ್ತುತ್ತದೆ: ಎಷ್ಟು ಟನ್ ತೆಗೆದರು, ಎಷ್ಟು ಕೋಟಿ ಖರ್ಚಾಯಿತು, ಯಾರು ತೆತ್ತರು. ಇವು ಬೇಡದ ಪ್ರಶ್ನೆಗಳೇನಲ್ಲ. ಆದರೆ ದೊಡ್ಡ ಪ್ರಮಾಣದಲ್ಲಿ ಕೆಟ್ಟ ನೆಲ ಮೊದಲಿನಂತಾಗುವುದು ತೀರಾ ಅಪರೂಪ. ಒಂದಷ್ಟನ್ನು ಅಗೆದು ಸಾಗಿಸುತ್ತಾರೆ, ಒಂದಷ್ಟರ ಮೇಲೆ ಜೇಡಿಮಣ್ಣು ಹಾಸಿ ಮುಚ್ಚುತ್ತಾರೆ, ಇನ್ನೊಂದಷ್ಟನ್ನು ಇದ್ದಲ್ಲೇ ಬಿಡುತ್ತಾರೆ. ಹೀಗೆ ಬಿಟ್ಟದ್ದರ ಮೇಲೆ ಮುಂದೆ ಯಾರು ಏನು ಕಟ್ಟುತ್ತಾರೆ, ಎಲ್ಲಿ ಕೊಳವೆಬಾವಿ ಕೊರೆಯುತ್ತಾರೆ, ಯಾವ ಮಗು ಆಡುತ್ತದೆ ಎಂಬುದರ ಮೇಲೆ ಇಡೀ ಖರ್ಚಿನ ಫಲ ನಿಂತಿದೆ. ಆದ್ದರಿಂದ ಉಳಿದ ವಿಷದ ವಿವರವೂ ಬಳಕೆಯ ನಿರ್ಬಂಧವೂ ಜಮೀನಿನ ಹಕ್ಕುದಾಖಲೆಯಲ್ಲೇ ಇರಬೇಕು ಎಂಬುದು ನನ್ನ ವಾದ. ಕರ್ನಾಟಕದ ಮಟ್ಟಿಗೆ ಹಾಗೆಂದರೆ ಹಳ್ಳಿಯಲ್ಲಿ ಪಹಣಿ, ಪೇಟೆಯಲ್ಲಿ ಖಾತೆ, ಎರಡೂ ಕಡೆ ಋಣಭಾರ ಪತ್ರ. ಪರಿಸರ ಇಲಾಖೆಯ ಕಡತದಲ್ಲೋ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲೋ ಇದ್ದರೆ ಸಾಲದು. ಸೈಟು ಕೊಳ್ಳುವವರು ಅಲ್ಲಿಗೆ ಹೋಗಿ ನೋಡುವುದಿಲ್ಲ.

ಮಣ್ಣು ‘ಶುದ್ಧ’ ಎನ್ನುವುದಕ್ಕೆ ಒಂದೇ ಅಳತೆಗೋಲಿಲ್ಲ ಎಂಬಲ್ಲಿಂದ ಹೊರಡೋಣ. ಕೆನಡಾ ದೇಶದ ಮಾರ್ಗಸೂಚಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರಂತೆ ಒಂದು ಕಿಲೋ ಮಣ್ಣಿನಲ್ಲಿ ಸೀಸ ಹೊಲಗದ್ದೆಯಾದರೆ 70 ಮಿಲಿಗ್ರಾಂ ಮೀರಬಾರದು. ವಸತಿ ಪ್ರದೇಶಕ್ಕೆ ಮಿತಿ 140, ವಾಣಿಜ್ಯ ಬಳಕೆಗೆ 260, ಕಾರ್ಖಾನೆಗೆ 600. ಮಣ್ಣು ಅದೇ, ಸೀಸವೂ ಅದೇ. ಬದಲಾಗುವುದು ಮನುಷ್ಯರು ಅದನ್ನು ಮುಟ್ಟುವ ರೀತಿ. ಕಾರ್ಖಾನೆಯ ಕಾಂಕ್ರೀಟ್ ನೆಲದ ಮೇಲೆ ಬೂಟು ತೊಟ್ಟು ಎಂಟು ಗಂಟೆ ನಿಲ್ಲುವ ದೊಡ್ಡವರ ಮೈಗೆ ಹೋಗುವ ಸೀಸಕ್ಕೂ, ಅಂಗಳದಲ್ಲಿ ತೆವಳಿ ಬೆರಳು ಬಾಯಿಗಿಡುವ ಮಗುವಿನ ಮೈಗೆ ಹೋಗುವ ಸೀಸಕ್ಕೂ ಹೋಲಿಕೆಯಿಲ್ಲ. ಅದೇ ಮಣ್ಣಿನಲ್ಲಿ ಸೊಪ್ಪು ಬೆಳೆದರಂತೂ ದಾರಿ ಇನ್ನೂ ನೇರ. ಹೀಗಾಗಿ ಕಾರ್ಖಾನೆಯ ಮಿತಿಗೆ ತಕ್ಕಂತೆ 500 ಮಿಲಿಗ್ರಾಂವರೆಗೆ ಇಳಿಸಿದ ನೆಲವನ್ನು ಅಧಿಕಾರಿ ‘ಶುದ್ಧ’ ಎಂದು ಸಹಿ ಮಾಡಿದರೆ ಅದು ಸುಳ್ಳಲ್ಲ. ಹತ್ತು ವರ್ಷದ ನಂತರ ಅಲ್ಲಿ ಲೇಔಟ್ ಎದ್ದ ದಿನ ಅದೇ ಸಹಿ ಸುಳ್ಳಾಗುತ್ತದೆ. ಆ ಸಹಿಯ ಕೆಳಗೆ ‘ಇಂಥ ಬಳಕೆಗೆ ಮಾತ್ರ’ ಎಂಬ ಸಾಲು ಇದ್ದು, ಆ ಸಾಲು ಜಮೀನಿಗೆ ಅಂಟಿಕೊಂಡಿದ್ದರೆ ಮಾತ್ರ ಅದಕ್ಕೆ ಬೆಲೆ.

ಹಾಗಾದರೆ ಎಲ್ಲ ನೆಲವನ್ನೂ ಹೊಲದ ಮಟ್ಟಕ್ಕೇ ಶುದ್ಧಮಾಡಿಬಿಟ್ಟರೆ ಈ ತಾಪತ್ರಯವೇ ಇರುವುದಿಲ್ಲವಲ್ಲ ಎನ್ನಬಹುದು. ನೆದರ್ಲೆಂಡ್ಸ್ ಅದನ್ನು ಮಾಡಿ ನೋಡಿದ ದೇಶ. ರಾಟರ್‌ಡ್ಯಾಂ ಸಮೀಪದ ಲೆಕ್ಕರ್‌ಕೆರ್ಕ್ ಎಂಬ ಊರಿನಲ್ಲಿ, ರಾಸಾಯನಿಕದ ಪೀಪಾಯಿಗಳನ್ನು ಹೂತು ಮುಚ್ಚಿದ್ದ ಕಾಲುವೆಗಳ ಮೇಲೆ 1970ರ ದಶಕದಲ್ಲಿ ಬಡಾವಣೆ ಎದ್ದಿತ್ತು. 1980ರಲ್ಲಿ ಮುನ್ನೂರರ ಸಮೀಪದ ಮನೆಗಳನ್ನು ಖಾಲಿ ಮಾಡಿಸಬೇಕಾಯಿತು. ಬೆಚ್ಚಿಬಿದ್ದ ದೇಶ 1983ರಲ್ಲಿ ಮಣ್ಣು ಶುದ್ಧೀಕರಣದ ಕಾನೂನು ತಂದಿತು, ಯಾವುದೇ ನೆಲ ಯಾವುದೇ ಬಳಕೆಗೆ ಒಗ್ಗುವಷ್ಟು ಶುದ್ಧವಾಗಬೇಕು ಎಂಬ ನೀತಿ ಹಿಡಿಯಿತು. ಹುಡುಕಿದಷ್ಟೂ ಹೊಸ ಜಾಗಗಳು ಸಿಕ್ಕವು, ಲೆಕ್ಕ ಹಾಕಿದಷ್ಟೂ ಖರ್ಚು ಬೆಳೆಯಿತು, ಅಗೆಯುವ ಕೆಲಸ ಮಾತ್ರ ಮುಂದೆ ಸಾಗಲಿಲ್ಲ. 1990ರ ದಶಕದ ಕೊನೆಗೆ ಆ ಶ್ರೀಮಂತ ದೇಶವೇ ಹಟ ಬಿಟ್ಟು, ಬಳಕೆಗೆ ತಕ್ಕ ಶುದ್ಧೀಕರಣ ಎಂಬ ನೀತಿಗೆ ಬಂತು. ಅದರೊಂದಿಗೆ ಮಣ್ಣಿಗೆ ಸಂಬಂಧಿಸಿದ ಸರ್ಕಾರಿ ನಿರ್ಬಂಧಗಳು ಭೂದಾಖಲೆಯಲ್ಲಿ ಕಾಣುವ ವ್ಯವಸ್ಥೆಯನ್ನೂ ಮಾಡಿಕೊಂಡಿತು. ಪೂರ್ತಿ ಶುದ್ಧಿಯ ಆಸೆ ಕೈಬಿಟ್ಟ ಮೇಲೆ ದಾಖಲೆಯ ಹೊಣೆ ಹೆಚ್ಚುತ್ತದೆ. ನಾವು ಆ ಆಸೆಯನ್ನು ಎಂದೂ ಇಟ್ಟುಕೊಂಡವರಲ್ಲ. ಆದರೆ ದಾಖಲೆಯನ್ನೂ ಇಟ್ಟುಕೊಳ್ಳಲಿಲ್ಲ.

ಕಾಗದದಲ್ಲಿ ಬರೆದುಬಿಟ್ಟರೆ ಸಾಕು ಎಂದೂ ಅಲ್ಲ. ಎಂಥ ಕಾಗದ ಎನ್ನುವುದು ಮುಖ್ಯ. ಅಮೆರಿಕದ ನಯಾಗರಾ ಫಾಲ್ಸ್ ನಗರದ ಲವ್ ಕೆನಾಲ್ ಕತೆಯನ್ನು ಸಾಮಾನ್ಯವಾಗಿ ಕಂಪನಿಯ ದುರಾಸೆಯ ಕತೆಯಾಗಿ ಹೇಳುತ್ತಾರೆ. ಅದು ಅಷ್ಟಕ್ಕೇ ಮುಗಿಯುವ ಕತೆಯಲ್ಲ. ಹೂಕರ್ ಕೆಮಿಕಲ್ ಕಂಪನಿ 1942ರಿಂದ ಹತ್ತು ವರ್ಷ, ಅರ್ಧಕ್ಕೆ ನಿಂತಿದ್ದ ಹಳೆಯ ಕಾಲುವೆಯಲ್ಲಿ 21 ಸಾವಿರ ಟನ್‌ಗೂ ಹೆಚ್ಚು ರಾಸಾಯನಿಕ ತ್ಯಾಜ್ಯ ತುಂಬಿ, ಮೇಲೆ ಜೇಡಿಮಣ್ಣು ಮುಚ್ಚಿತು. 1953ರಲ್ಲಿ ಆ ಜಾಗವನ್ನು ನಗರದ ಶಾಲಾ ಮಂಡಳಿಗೆ ಒಂದು ಡಾಲರಿಗೆ ಕೊಟ್ಟಿತು. ಆ ಕ್ರಯಪತ್ರದಲ್ಲಿ ಒಂದು ಷರತ್ತಿತ್ತು: ಇಲ್ಲಿ ರಾಸಾಯನಿಕ ತ್ಯಾಜ್ಯ ತುಂಬಿದೆ, ಅದರಿಂದ ಮುಂದೆ ಏನೇ ಆದರೂ ಹೊಣೆ ಕೊಂಡವರದು. ಅಂದರೆ ಎಚ್ಚರಿಕೆ ಕಾಗದದಲ್ಲೇ ಇತ್ತು. ಆದರೆ ಅದರ ಉದ್ದೇಶ ಮಾರಿದವರನ್ನು ಕಾಪಾಡುವುದಾಗಿತ್ತು. ಆ ಜಾಗದಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂದು ಅದು ಯಾರ ಕೈಯನ್ನೂ ಕಟ್ಟಿಹಾಕಲಿಲ್ಲ. ಮಂಡಳಿ ಅಲ್ಲೇ ಶಾಲೆ ಕಟ್ಟಿತು. ಉಳಿದ ಜಾಗ ಮಾರುವ ಮಾತು ಬಂದಾಗ, 1957ರಲ್ಲಿ, ನೆಲ ಅಗೆಯುವ ಕಟ್ಟಡಗಳು ಅಲ್ಲಿ ಸಲ್ಲವೆಂದು ಕಂಪನಿಯವರೇ ಬಂದು ಎಚ್ಚರಿಸಿದರು. ಆದರೂ ಸುತ್ತ ಮನೆಗಳೆದ್ದವು. ಒಳಚರಂಡಿಯ ಪೈಪುಗಳು ಕಾಲುವೆಯನ್ನು ಸೀಳಿಕೊಂಡು ಹೋದವು. ಜೇಡಿಮಣ್ಣಿನ ಮುಚ್ಚಳ ಒಡೆಯಿತು, ಮಳೆನೀರು ಇಳಿಯಿತು, ನೆಲಮಾಳಿಗೆಗಳಲ್ಲಿ ವಿಷ ಜಿನುಗಿತು. 1978ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತುರ್ತುಸ್ಥಿತಿ ಘೋಷಿಸಿದರು. ಕೊನೆಗೆ ಸುಮಾರು 950 ಕುಟುಂಬಗಳು ಊರು ಬಿಟ್ಟವು. 1980ರ ಸೂಪರ್‌ಫಂಡ್ ಕಾನೂನು ಹುಟ್ಟಿದ್ದು ಈ ಆಘಾತದಿಂದ.

ಇಲ್ಲಿ ತಪ್ಪಿದ್ದು ಮೂರು ಕಡೆ. ಷರತ್ತು ಇಬ್ಬರ ನಡುವಿನ ಒಪ್ಪಂದವಾಗಿತ್ತು, ಮೂರನೆಯ ಕೊಳ್ಳುವವನನ್ನು ಅದು ಕಟ್ಟಿಹಾಕಲಿಲ್ಲ. ಕಟ್ಟಡಕ್ಕೆ, ರಸ್ತೆಗೆ, ಚರಂಡಿಗೆ ಅನುಮತಿ ಕೊಡುವ ಇಲಾಖೆಗಳ ಮೇಜಿಗೆ ಅದು ಬರಲಿಲ್ಲ. ಮುರಿದರೆ ದಂಡ ಹಾಕುವವರು ಯಾರೂ ಇರಲಿಲ್ಲ. ಆಮೇಲೆ ಬಂದ ಕಾನೂನುಗಳಲ್ಲಿ ಒಳ್ಳೆಯವೆಲ್ಲ ಈ ಮೂರು ಕಿಂಡಿಗಳನ್ನು ಮುಚ್ಚಲು ಹೊರಟವೇ. ನ್ಯೂಜೆರ್ಸಿ ರಾಜ್ಯ 1983ರಲ್ಲೇ, ಕಾರ್ಖಾನೆ ಮುಚ್ಚುವಾಗ ಇಲ್ಲವೇ ಮಾರುವಾಗ ನೆಲದ ಪರೀಕ್ಷೆ ಮತ್ತು ಶುದ್ಧೀಕರಣದ ವ್ಯವಸ್ಥೆ ಆಗಿರಲೇಬೇಕು ಎಂದಿತು. ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ 1995ರ ಕಾನೂನಿನಲ್ಲಿ ಇನ್ನೂ ಸರಳ ದಾರಿ ಹಿಡಿಯಿತು: ಯಾವ ಜಮೀನೇ ಆಗಲಿ, ಮನೆಯ ಸೈಟೇ ಆಗಲಿ, ಮಾರುವ ಮುನ್ನ ಸರ್ಕಾರಿ ಸಂಸ್ಥೆಯಿಂದ ಮಣ್ಣಿನ ಪ್ರಮಾಣಪತ್ರ ತಂದು ಕೊಳ್ಳುವವರ ಕೈಗಿಡಬೇಕು. ಆ ಜಮೀನಿನ ಬಗ್ಗೆ ಸರ್ಕಾರಕ್ಕೆ ಏನು ಗೊತ್ತಿದೆಯೋ ಅಷ್ಟು ಅದರಲ್ಲಿರುತ್ತದೆ. ಅಪಾಯದ ಉದ್ಯಮ ನಡೆದ ಜಮೀನಾದರೆ ಮಣ್ಣಿನ ಪರೀಕ್ಷೆಯೂ ಕಡ್ಡಾಯ. ಅಮೆರಿಕದಲ್ಲಿ 2003ರಲ್ಲಿ ಸಿದ್ಧವಾದ ಮಾದರಿ ಕಾನೂನೊಂದು, ಇಂಥ ನಿರ್ಬಂಧ ತೆರಿಗೆ ಬಾಕಿಗಾಗಿ ನಡೆಯುವ ಹರಾಜನ್ನೂ ದಾಟಿ ಜಮೀನಿನ ಜತೆ ಮುಂದುವರಿಯುತ್ತದೆ ಎಂದು ಬರೆಯಿತು. ಹಲವು ರಾಜ್ಯಗಳು ಅದನ್ನು ಒಪ್ಪಿಕೊಂಡವು.

ಹರಾಜಿನ ಮಾತು ನಮಗೆ ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮಲ್ಲಿ ಕಾರ್ಖಾನೆ ಸಾಯುವ ಬಗೆಯೇ ಹಾಗೆ. ಬಾಗಿಲು ಮುಚ್ಚುತ್ತದೆ, ಕಾರ್ಮಿಕರ ಬಾಕಿಯ ಮೊಕದ್ದಮೆ ನಡೆಯುತ್ತದೆ, ಯಂತ್ರಗಳು ಗುಜರಿಗೆ ಹೋಗುತ್ತವೆ, ಕೊನೆಗೆ ಬ್ಯಾಂಕೋ ಲಿಕ್ವಿಡೇಟರೋ ಜಮೀನನ್ನು ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ಷರತ್ತಿನೊಂದಿಗೆ ಹರಾಜಿಗಿಡುತ್ತಾರೆ. ಆ ಎರಡು ತುಂಡು ಮಾತಿನೊಳಗೆ ಎಲ್ಲ ಅಪಾಯವೂ ಕೊಂಡವರ ತಲೆಗೆ ಬರುತ್ತದೆ, ಅಪಾಯ ಏನೆಂದು ಮಾತ್ರ ಅವರಿಗೆ ತಿಳಿಯುವುದಿಲ್ಲ. ದಿವಾಳಿ ಸಂಹಿತೆಗೆ 2020ರಲ್ಲಿ ಸೇರಿಸಿದ 32ಎ ಕಲಮು, ಹೊಸ ಮಾಲೀಕರ ಕೈಗೆ ಹೋದ ಕಂಪನಿಯನ್ನು ಹಳೆಯ ಅಪರಾಧಗಳ ಹೊಣೆಯಿಂದ ಬಿಡಿಸುತ್ತದೆ. ಸೊರಗಿದ ಉದ್ಯಮಕ್ಕೆ ಹೊಸ ಜೀವ ಕೊಡಲು ಅದು ಬೇಕಿರಬಹುದು, ಆದರೆ ನೆಲದ ವಿಷ ಕಾನೂನು ಕೊಟ್ಟ ಮಾಫಿಯನ್ನು ಗಮನಿಸುವುದಿಲ್ಲ. ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮೇಟ್ ತಯಾರಿಸುತ್ತಿದ್ದ ಕಂಪನಿ 1990ರ ದಶಕದಲ್ಲಿ ಮುಚ್ಚಿತು. ಅದು ಬಿಟ್ಟುಹೋದ ಕ್ರೋಮಿಯಂ ತ್ಯಾಜ್ಯ 2.27 ಲಕ್ಷ ಟನ್. ರಾಜಸ್ಥಾನದ ಬಿಛ್ರಿಯಲ್ಲಿ ಎಚ್-ಆಸಿಡ್ ತಯಾರಿಸಿ ಬಾವಿಗಳನ್ನು ಕೆಡಿಸಿದ ಉದ್ಯಮದ ವಿರುದ್ಧ ಸುಪ್ರೀಂ ಕೋರ್ಟ್ 1996ರಲ್ಲಿ ‘ಕೆಡಿಸಿದವರೇ ತೆರಬೇಕು’ ಎಂಬ ಹೆಸರಾಂತ ತೀರ್ಪು ಕೊಟ್ಟಿತು. ಹಣ ಬರಲಿಲ್ಲ, 2011ರಲ್ಲಿ ಅದೇ ಕೋರ್ಟು ಬಡ್ಡಿ ಸೇರಿಸಿ ತೆರುವಂತೆ ಮತ್ತೆ ಹೇಳಬೇಕಾಯಿತು. ಕಂಪನಿಗಳು ಸಾಯುತ್ತವೆ, ಹೆಸರು ಬದಲಿಸುತ್ತವೆ, ಕೋರ್ಟಿನಲ್ಲಿ ಹದಿನೈದು ವರ್ಷ ಎಳೆಯುತ್ತವೆ. ಅಷ್ಟೂ ಕಾಲ ಕದಲದೆ ಇರುವುದು ಸರ್ವೆ ನಂಬರ್ ಒಂದೇ.

ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಮೊದಲ ಬಾರಿಗೆ ನಿಯಮಗಳನ್ನು ಹೊರಡಿಸಿತು. ತಡವಾಗಿ ಬಂದರೂ ಒಳ್ಳೆಯ ಕೆಲಸ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ಸ್ಥಳಗಳ ವರದಿ ಕೊಡಬೇಕು. 90 ದಿನಗಳಲ್ಲಿ ಪ್ರಾಥಮಿಕ ಪರೀಕ್ಷೆ, ಮತ್ತೆ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ ಆಗಬೇಕು. ಕಾರಣರಾದವರನ್ನು ಹುಡುಕಿ ಖರ್ಚು ವಸೂಲು ಮಾಡಬೇಕು, ಅವರು ಸಿಗದಿದ್ದರೆ ಕೇಂದ್ರ ಮತ್ತು ರಾಜ್ಯ ಹೊರಬೇಕು. ಆ ಹೊತ್ತಿಗೆ ದೇಶದಲ್ಲಿ ಗುರುತಿಸಿದ್ದ ಕಲುಷಿತ ಸ್ಥಳಗಳು 103, ಶುದ್ಧೀಕರಣ ಶುರುವಾಗಿದ್ದದ್ದು ಏಳರಲ್ಲಿ. ಸ್ಥಳ ಗುರುತಾದ ಮೇಲೆ ಶುದ್ಧೀಕರಣವನ್ನು ಇಷ್ಟರೊಳಗೆ ಮುಗಿಸಬೇಕು ಎಂಬ ಗಡುವು ನಿಯಮಗಳಲ್ಲಿಲ್ಲ ಎಂಬ ಟೀಕೆ ಸರಿಯಾದದ್ದೇ. ಅದಕ್ಕಿಂತ ದೊಡ್ಡ ಮಾತೊಂದಿದೆ. ಈ ನಿಯಮಗಳು ಪರಿಸರ ಕಾನೂನಿನ ಕೂಸು, ನಡೆಸುವವರು ಮಾಲಿನ್ಯ ಮಂಡಳಿಯವರು. ಭೂಮಿಯಾದರೋ ಸಂವಿಧಾನದಲ್ಲಿ ರಾಜ್ಯಪಟ್ಟಿಯ ವಿಷಯ. ದೆಹಲಿಯ ನಿಯಮ ಏನೇ ಹೇಳಲಿ, ಪಹಣಿಯಲ್ಲಿ ಬರೆಯುವ ಲೇಖನಿ ತಹಶೀಲ್ದಾರರ ಕೈಯಲ್ಲಿದೆ, ಕ್ರಯಪತ್ರ ನೋಂದಾಯಿಸುವ ಮೊಹರು ಸಬ್‌ರಿಜಿಸ್ಟ್ರಾರರ ಕೈಯಲ್ಲಿದೆ. ಕರ್ನಾಟಕ ಮಾಡಬೇಕಾದ ಕೆಲಸಕ್ಕೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ನಮ್ಮ ಪಹಣಿಯನ್ನೇ ನೋಡಿ. ಮಣ್ಣಿನ ನಮೂನೆ ಏನು, ನೀರಿನ ಮೂಲ ಯಾವುದು, ಮರಗಳೆಷ್ಟು, ಯಾವ ಹಂಗಾಮಿನಲ್ಲಿ ಏನು ಬೆಳೆದಿದೆ ಎಂಬುದಕ್ಕೆಲ್ಲ ಅದರಲ್ಲಿ ಜಾಗವಿದೆ. ಉಳುಮೆಗೆ ಬಾರದ ನೆಲವನ್ನು ‘ಎ’ ಖರಾಬು ಎಂದೂ, ದಾರಿ-ಹಳ್ಳದಂಥ ಸಾರ್ವಜನಿಕ ಭಾಗವನ್ನು ‘ಬಿ’ ಖರಾಬು ಎಂದೂ ಕಳೆದು ತೋರಿಸುವ ಪದ್ಧತಿ ಕಂದಾಯ ಇಲಾಖೆಯಲ್ಲಿ ಬೇರೂರಿದೆ. ನೆಲದ ಗುಣವೇ ಅದರ ಬಳಕೆಯನ್ನು ಕಟ್ಟಿಹಾಕುತ್ತದೆ ಎಂಬುದನ್ನು ದಾಖಲೆ ಒಪ್ಪಿಕೊಂಡಾಗಿದೆ. ಬಂಡೆಗೆ ಕೊಟ್ಟ ಮನ್ನಣೆಯನ್ನು ಪಾದರಸಕ್ಕೂ ಕೊಡಿ ಎಂದಷ್ಟೇ ಕೇಳುತ್ತಿರುವುದು. ಮಾರಾಟವನ್ನು ದಾಟಿ ಬದುಕುವ ನಿರ್ಬಂಧವೂ ನಮಗೆ ಹೊಸದಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ, ಕೈ ಬದಲಾಗಿ ಎಷ್ಟೋ ವರ್ಷವಾದ ಮೇಲೂ ಮೂಲ ಷರತ್ತನ್ನು ಎತ್ತಿಹಿಡಿಯುತ್ತದೆ. ಆಸ್ತಿ ಹಸ್ತಾಂತರ ಕಾಯ್ದೆಯ 55ನೇ ಕಲಮು, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ ದೋಷ ತನಗೆ ತಿಳಿದಿದ್ದರೆ ಮಾರುವವನು ಅದನ್ನು ಹೇಳಬೇಕು ಎಂದು 1882ರಿಂದಲೂ ಹೇಳುತ್ತಿದೆ. ಹತ್ತು ಅಡಿ ಕೆಳಗಿನ ಕ್ರೋಮಿಯಂಗಿಂತ ಕಣ್ಣಿಗೆ ಬೀಳದ ದೋಷ ಯಾವುದಿದೆ? ಆದರೆ ‘ನನಗೆ ತಿಳಿದಿರಲಿಲ್ಲ’ ಎನ್ನುವುದು ಈಗ ಮಾರುವವರಿಗೆ ಸುಲಭದ ರಕ್ಷಣೆ. ಪಹಣಿಯ 11ನೇ ಕಾಲಂನಲ್ಲಿ, ಇತರೆ ಹಕ್ಕು ಮತ್ತು ಋಣಗಳ ಸಾಲಿನಲ್ಲಿ, ಆ ದೋಷ ದಾಖಲಾದರೆ ಆ ಮಾತಿಗೆ ಅವಕಾಶವಿರುವುದಿಲ್ಲ.

ಬರೆಯುವ ಗಳಿಗೆ ಯಾವುದು ಎಂಬುದನ್ನೂ ಗೊತ್ತುಮಾಡಿಕೊಳ್ಳಬೇಕು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಉದ್ಯಮಗಳಿಗೆ ಜಮೀನನ್ನು ಸಾಮಾನ್ಯವಾಗಿ ಗುತ್ತಿಗೆ-ಸಹಿತ-ಮಾರಾಟದ ಕರಾರಿನಲ್ಲಿ ಕೊಡುತ್ತದೆ. ಷರತ್ತು ಪೂರೈಸಿದ ಮೇಲೆ ಶುದ್ಧ ಕ್ರಯಪತ್ರ ಮಾಡಿಕೊಡುತ್ತದೆ. ಆ ಕ್ರಯಪತ್ರದ ದಿನದವರೆಗೆ ಸರ್ಕಾರದ ಕೈಯಲ್ಲಿ ಹಿಡಿತವಿರುತ್ತದೆ, ಆಮೇಲೆ ಇರುವುದಿಲ್ಲ. ಕೆಂಪು ವರ್ಗದ, ಅಂದರೆ ಹೆಚ್ಚು ಮಾಲಿನ್ಯದ, ಉದ್ಯಮ ನಡೆದ ಪ್ರತಿ ನಿವೇಶನದ ಮಣ್ಣು ಮತ್ತು ಅಂತರ್ಜಲದ ಪರೀಕ್ಷೆ ಆ ದಿನಕ್ಕೆ ಮುಂಚೆ ಆಗಲಿ, ಫಲಿತಾಂಶ ಕ್ರಯಪತ್ರದ ಷೆಡ್ಯೂಲಿನಲ್ಲೇ ಅಚ್ಚಾಗಲಿ. ಎರಡನೆಯ ಗಳಿಗೆ, ಮಹಾಯೋಜನೆಯಲ್ಲಿ ಕೈಗಾರಿಕಾ ವಲಯ ವಸತಿ ವಲಯವಾಗುವಾಗ. ಬೆಂಗಳೂರಿನಲ್ಲಿ ಇದು ಎಷ್ಟು ಸಲ ಆಗಿದೆಯೆಂದರೆ ಜನ ಅದನ್ನು ಗಮನಿಸುವುದನ್ನೇ ಬಿಟ್ಟಿದ್ದಾರೆ. ಮಲ್ಲೇಶ್ವರದ ರಾಜಾ ಮಿಲ್ ಇದ್ದಲ್ಲಿ ಮಾಲ್ ಇದೆ, ಬಿನ್ನಿ ಮಿಲ್ಲಿನ ನೆಲದಲ್ಲಿ ಅಪಾರ್ಟ್‌ಮೆಂಟುಗಳಿವೆ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಜಮೀನಿನಲ್ಲಿ ವೃಕ್ಷೋದ್ಯಾನ ಬರಬೇಕೆಂಬ ಯೋಜನೆಯಿದೆ. ಈ ನೆಲಗಳಲ್ಲಿ ವಿಷವಿದೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಇದೆಯೋ ಇಲ್ಲವೋ ಎಂದು ಬಳಕೆ ಬದಲಾಗುವ ಮುನ್ನ ಕೇಳಲೇಬೇಕು ಎಂಬ ಕಟ್ಟಳೆ ಇರಬೇಕು ಎನ್ನುತ್ತಿದ್ದೇನೆ. ಉದ್ಯಾನವಾದರೆ ಚರ್ಚೆಯೇ ಬೇಡ ಎಂಬ ಭಾವನೆ ನಮ್ಮಲ್ಲಿದೆ. ಮಣ್ಣಿನ ಲೆಕ್ಕದಲ್ಲಿ ಮಾಲಿಗಿಂತ ಉದ್ಯಾನಕ್ಕೇ ಹೆಚ್ಚು ಕಟ್ಟುನಿಟ್ಟು ಬೇಕು, ಏಕೆಂದರೆ ಮಕ್ಕಳು ನೆಲ ಮುಟ್ಟುವುದು ಅಲ್ಲಿ.

ಇನ್ನು ಆಕ್ಷೇಪಗಳು. ಮೊದಲನೆಯದು ಬೆಲೆಯದು. ಪಹಣಿಯಲ್ಲಿ ‘ಕಲುಷಿತ’ ಎಂದು ಬಿದ್ದರೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೊಳ್ಳುವವರು ಬರುವುದಿಲ್ಲ, ನಗರದ ನಡುವೆ ಬೆಲೆಬಾಳುವ ನೆಲ ಪಾಳು ಬೀಳುತ್ತದೆ, ಅದಕ್ಕೆ ಬದಲಾಗಿ ಊರಾಚೆಯ ಹೊಲಗದ್ದೆ ಲೇಔಟಾಗುತ್ತದೆ ಎನ್ನುತ್ತಾರೆ. ಹುರುಳಿಲ್ಲದ ಮಾತೇನಲ್ಲ. ಆದರೆ ದೋಷ ಬರೆಯದಿದ್ದ ಮಾತ್ರಕ್ಕೆ ದೋಷ ಹೋಗುವುದಿಲ್ಲ. ನಷ್ಟ ಮಾರುವವರಿಂದ ಕೊಳ್ಳುವವರಿಗೆ ವರ್ಗವಾಗುತ್ತದೆ, ಅಷ್ಟೆ. ಮೂವತ್ತು ವರ್ಷದಿಂದ ಮಣ್ಣಿನ ಪ್ರಮಾಣಪತ್ರ ಕೇಳುತ್ತಿರುವ ಫ್ಲಾಂಡರ್ಸ್‌ನಲ್ಲಿ ಜಮೀನಿನ ವ್ಯಾಪಾರ ನಿಂತುಹೋಗಿಲ್ಲ. ಮಾರುಕಟ್ಟೆಯನ್ನು ಹೆದರಿಸುವುದು ಅನುಮಾನ. ‘ಸೀಸ ಇಷ್ಟಿದೆ, ಗೋದಾಮಿಗೆ ಅಡ್ಡಿಯಿಲ್ಲ, ಮನೆಗೆ ಸಲ್ಲದು, ಮನೆ ಕಟ್ಟಬೇಕಾದರೆ ಮೇಲಿನ ಎರಡು ಅಡಿ ಮಣ್ಣು ತೆಗೆಯಬೇಕು’ ಎಂದು ಸ್ಪಷ್ಟವಾಗಿ ಬರೆದರೆ ಅದಕ್ಕೊಂದು ದರ ಹುಟ್ಟುತ್ತದೆ, ವ್ಯವಹಾರ ನಡೆಯುತ್ತದೆ.

ಎರಡನೆಯ ಆಕ್ಷೇಪ ನಮ್ಮ ಆಡಳಿತವನ್ನು ಬಲ್ಲವರದು, ಹಾಗಾಗಿ ಹೆಚ್ಚು ತೂಕದ್ದು. 11ನೇ ಕಾಲಂ ಎಂದರೆ ಈಗ ರೈತರು ಬೆಚ್ಚುತ್ತಾರೆ. 2024ರಲ್ಲಿ ವಿಜಯಪುರ ಜಿಲ್ಲೆಯ ರೈತರ ಪಹಣಿಗಳ ಅದೇ ಕಾಲಂನಲ್ಲಿ ವಕ್ಫ್ ಹೆಸರು ಕಾಣಿಸಿಕೊಂಡಾಗ ಎದ್ದ ಗದ್ದಲ ರಾಜ್ಯವನ್ನೇ ಅಲುಗಾಡಿಸಿತು. ಕೊನೆಗೆ ಸರ್ಕಾರ ನೋಟಿಸುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಕಂಪ್ಯೂಟರಿನಲ್ಲಿ ಒಂದು ಪದ ಸೇರಿಸಿ ಒಂದು ಕುಟುಂಬದ ನಿದ್ದೆಗೆಡಿಸುವ ಅಧಿಕಾರವನ್ನು ಇನ್ನೊಂದು ಇಲಾಖೆಗೂ ಕೊಡಬೇಕೆ? ಕೈಬೆಚ್ಚಗೆ ಮಾಡಿದರೆ ವಿಷ ಅಳಿಸುವ, ಮಾಡದಿದ್ದರೆ ವಿಷ ಸೇರಿಸುವ ದಂಧೆ ಶುರುವಾಗುವುದಿಲ್ಲವೆ? ಆಗಬಹುದು. ಅದಕ್ಕೇ ಈ ನಮೂದಿಗೆ ಕಟ್ಟುನಿಟ್ಟಾದ ದಾರಿ ಬೇಕು. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯಿಲ್ಲದೆ ನಮೂದು ಆಗಬಾರದು. ಮಾಲೀಕರಿಗೆ ನೋಟಿಸು ಕೊಟ್ಟು, ಅವರ ಮಾತು ಕೇಳಿ, ಕಾರಣ ಬರೆದು ಆದೇಶ ಮಾಡಬೇಕು. ಯಾವ ರಾಸಾಯನಿಕ, ಎಷ್ಟು ಆಳದಲ್ಲಿ, ಎಷ್ಟು ಪ್ರಮಾಣ ಎಂಬುದು ಆ ಆದೇಶದಲ್ಲಿರಬೇಕು; ಬರೀ ‘ಕಲುಷಿತ’ ಎಂಬ ಒಂಟಿ ಪದ ಬೇಡವೇ ಬೇಡ. ಶುದ್ಧ ಮಾಡಿ ತೋರಿಸಿದವರ ನಮೂದು ಗೊತ್ತಾದ ದಿನಗಳೊಳಗೆ ಇಳಿಯಬೇಕು. ಪಕ್ಕದ ಕಾರ್ಖಾನೆಯ ವಿಷ ಹರಿದು ಬಂದ ರೈತರ ಜಮೀನಾದರೆ, ಕಾರಣರು ಬೇರೆಯವರು ಎಂಬುದೂ ಅದೇ ಸಾಲಿನಲ್ಲಿರಬೇಕು, ಪರಿಹಾರದ ಹಕ್ಕು ಅದರಿಂದಲೇ ಹುಟ್ಟಬೇಕು. ವಿಜಯಪುರದಲ್ಲಿ ರೈತರನ್ನು ಕೆರಳಿಸಿದ್ದು ತಮ್ಮನ್ನು ಕೇಳದೆ ಬರೆದರು ಎಂಬುದು. ಕೇಳಿ ಬರೆಯುವ ಕ್ರಮ ಕಲಿಯಲು ಅದನ್ನು ಪಾಠವೆಂದು ತೆಗೆದುಕೊಳ್ಳಬೇಕು. ಬರೆಯುವುದನ್ನೇ ಬಿಡಲು ನೆಪ ಮಾಡಿಕೊಳ್ಳಬಾರದು.

ಸಣ್ಣ ಉದ್ಯಮಗಳ ಕಷ್ಟವೂ ನಿಜ. ಪೀಣ್ಯದಲ್ಲಿ ನಾಲ್ಕು ತೊಟ್ಟಿ ಇಟ್ಟುಕೊಂಡು ಎಲೆಕ್ಟ್ರೋಪ್ಲೇಟಿಂಗ್ ನಡೆಸುವವರು ಲಕ್ಷಗಟ್ಟಲೆ ಸುರಿದು ನೆಲ ಪರೀಕ್ಷೆ ಮಾಡಿಸಲಾರರು. ಅಂಥವರಿಗೆ ಕೈಗಾರಿಕಾ ಪ್ರದೇಶದ ಮಟ್ಟದಲ್ಲೇ ಒಟ್ಟಾಗಿ ಪರೀಕ್ಷೆ ನಡೆಸಿ ಖರ್ಚು ಹಂಚುವುದು ಸಾಧ್ಯ. ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವುದು ಸರ್ಕಾರಿ ಸಂಸ್ಥೆಗಳ ಅಧ್ಯಯನಗಳಲ್ಲೇ ದಾಖಲಾಗಿದೆ, ಆ ನೀರಿಗೆ ಕಾಂಪೌಂಡಿನ ಗೋಡೆ ಗೊತ್ತಿಲ್ಲ. ಹೀಗಾಗಿ ಒಂದು ಸರ್ವೆ ನಂಬರಿನ ನಮೂದು ಅಂತರ್ಜಲದ ವಿಷಯದಲ್ಲಿ ಸಾಲದು. 2011ರ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿಗೆ ಅನುಮತಿ ಬೇಕು. ಆ ಅನುಮತಿಯನ್ನು ಮಾಲಿನ್ಯದ ನಕ್ಷೆಗೆ ಜೋಡಿಸಿದರೆ ಕುಡಿಯುವ ನೀರಿಗೆ ಸಲ್ಲದ ಕಡೆ ಬಾವಿ ಕೊರೆಯುವುದನ್ನು ತಡೆಯಬಹುದು.

ನನ್ನ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಪರಿಸರ ಹೋರಾಟಗಾರರದು. ಬಳಕೆಗೆ ತಕ್ಕ ಶುದ್ಧಿ, ದಾಖಲೆಯಲ್ಲಿ ನಿರ್ಬಂಧ ಎಂದು ಒಪ್ಪಿಕೊಂಡರೆ ಕಂಪನಿಗೆ ಅಗ್ಗದ ದಾರಿ ತೋರಿಸಿದಂತಾಯಿತು ಎನ್ನುತ್ತಾರೆ ಅವರು. ಮಣ್ಣು ತೆಗೆಯುವುದಕ್ಕಿಂತ ಪಹಣಿಯಲ್ಲಿ ಒಂದು ಸಾಲು ಬರೆಸುವುದು ಸಲೀಸು. ಆ ಸಾಲನ್ನು ಓದದೆ ಅಲ್ಲೇ ಗುಡಿಸಲು ಹಾಕುವವರು ಬಡವರು. ಭೋಪಾಲದಲ್ಲಿ ಆದದ್ದೂ ಇದೇ: ಕಾರ್ಖಾನೆಯ ಸುತ್ತಲಿನ ಬಸ್ತಿಗಳಿಗೆ ಶುದ್ಧ ನೀರು ಕೊಡಿ ಎಂದು 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕೊಡೈಕನಾಲ್‌ನ ಪಾದರಸದ ಜಗಳದ ತಿರುಳೂ ಇದೇ. ಅಮೆರಿಕದಿಂದ ಬಂದ ಥರ್ಮಾಮೀಟರ್ ಕಾರ್ಖಾನೆಯನ್ನು ಹಿಂದುಸ್ತಾನ್ ಲೀವರ್ 2001ರಲ್ಲಿ ಮುಚ್ಚಿತು. 2003ರಲ್ಲಿ 290 ಟನ್ ತ್ಯಾಜ್ಯ ಅಮೆರಿಕಕ್ಕೆ ಮರಳಿತು. ಉಳಿದ ಮಣ್ಣಿನಲ್ಲಿ ಕಿಲೋಗೆ 20 ಮಿಲಿಗ್ರಾಂ ಪಾದರಸ ಇರಬಹುದು, ಅದು ವಸತಿಗೆ ಸಲ್ಲುವ ಮಟ್ಟ ಎಂಬ ಗುರಿಗೆ ಒಪ್ಪಿಗೆ ಸಿಕ್ಕಿತು. ಕಾರ್ಖಾನೆಯ ಬೆನ್ನಿಗೆ ಪಾಂಬಾರ್ ಶೋಲಾ ಕಾಡಿದೆ, ಮಳೆ ಇಳಿಯುವುದು ಆ ಕಡೆಗೆ, ಹಾಗಿರುವಾಗ ಮನೆಯ ಲೆಕ್ಕ ಕಾಡಿಗೆ ಹೇಗೆ ಸಲ್ಲುತ್ತದೆ ಎಂದು ಪರಿಸರವಾದಿಗಳು ವರ್ಷಗಟ್ಟಲೆ ವಾದಿಸಿದರು.

ಈ ಆಕ್ಷೇಪವನ್ನು ತಳ್ಳಿಹಾಕಲಾಗದು, ಆದರೆ ಅದು ನಿರ್ಬಂಧವನ್ನು ಬಿಡಲು ಹೇಳುವುದಿಲ್ಲ, ಬಿಗಿಮಾಡಲು ಹೇಳುತ್ತದೆ. ಮೊದಲು ನೆಲದ ಮುಂದಿನ ಬಳಕೆ ಏನೆಂದು ಊರಿನವರೊಂದಿಗೆ ಕೂತು ತೀರ್ಮಾನವಾಗಲಿ, ಮಿತಿಯ ಅಂಕಿ ಆಮೇಲೆ ಬರಲಿ. ಈಗ ಆಗುತ್ತಿರುವುದು ತಲೆಕೆಳಗು: ಕೈಗೆಟಕುವ ಅಂಕಿ ಮೊದಲು, ಅದಕ್ಕೆ ಹೊಂದುವ ಬಳಕೆ ಆಮೇಲೆ. ಅಂಕಿ ಗೊತ್ತಾಗುವಾಗ ಆವರಣದ ಒಳಗಿನ ಬಳಕೆಯಂತೆ ಅದರ ಇಳಿಜಾರಿನಲ್ಲಿ ಇರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಿರ್ಬಂಧದ ಜತೆ ಹಣವೂ ಇರಬೇಕು. ಮುಂದಿನ ಮೂವತ್ತು ವರ್ಷದ ಕಾವಲು, ಬೇಲಿ, ನೀರಿನ ಪರೀಕ್ಷೆಗೆ ಬೇಕಾದ ಮೊತ್ತವನ್ನು ಕಂಪನಿ ಮುಂಗಡವಾಗಿ ಠೇವಣಿ ಇಡದೆ ಆ ಸಾಲು ಪಹಣಿಗೆ ಬರಬಾರದು. ಹಾಗೆ ಮಾಡಿದಾಗ ಅದು ಅಗ್ಗದ ದಾರಿಯಾಗಿ ಉಳಿಯುವುದಿಲ್ಲ, ಎಷ್ಟೋ ಕಡೆ ಮಣ್ಣು ತೆಗೆಯುವುದೇ ಲಾಭವೆಂದು ಕಾಣುತ್ತದೆ. ಅಮೆರಿಕದ ಸೂಪರ್‌ಫಂಡ್ ಕಾನೂನಿನಲ್ಲಿ, ವಿಷ ಉಳಿಸಿದ ಜಾಗಗಳನ್ನು ಐದು ವರ್ಷಕ್ಕೊಮ್ಮೆ ಮತ್ತೆ ನೋಡಬೇಕು ಎಂಬ ಕಟ್ಟಳೆ ಇದೆ. ನಮ್ಮಲ್ಲೂ ಅದೇ ಅಂತರ ಸಾಕು.

ಇದೆಲ್ಲದಕ್ಕೂ ಕರ್ನಾಟಕದ ಮೊದಲ ಪರೀಕ್ಷೆ ಕೋಲಾರದ ಚಿನ್ನದ ಗಣಿಯಲ್ಲಿ ಕಾದಿದೆ. ನೂರಿಪ್ಪತ್ತು ವರ್ಷ ನಡೆದು ಸುಮಾರು 800 ಟನ್ ಚಿನ್ನ ಕೊಟ್ಟ ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ, ಸುಮಾರು 3.3 ಕೋಟಿ ಟನ್, ಹದಿಮೂರು ದಿಬ್ಬಗಳಾಗಿ ಊರ ನಡುವೆ ನಿಂತಿದೆ. ಜನ ಅವನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಸೈನೈಡ್ ಬಿಸಿಲಿಗೆ ಕಾಲಕ್ರಮದಲ್ಲಿ ಒಡೆಯುತ್ತದೆ. ಒಡೆಯದೆ ಉಳಿಯುವವು ಭಾರಲೋಹಗಳು ಮತ್ತು ಗಾಳಿ ಬೀಸಿದಾಗ ಮನೆಗಳಿಗೆ ನುಗ್ಗುವ ನುಣುಪಾದ ಸಿಲಿಕಾ ದೂಳು. 2025ರ ಕೇಂದ್ರ ನಿಯಮಗಳು ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ತಮ್ಮ ವ್ಯಾಪ್ತಿಯಿಂದ ಹೆಚ್ಚುಕಡಿಮೆ ಹೊರಗಿಟ್ಟಿವೆ, ಆದ್ದರಿಂದ ಈ ಊರಿನ ಮಟ್ಟಿಗೆ ದೆಹಲಿಯತ್ತ ನೋಡಿ ಫಲವಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸುಮಾರು 1,003 ಎಕರೆಯಲ್ಲಿ ಹರಡಿರುವ ಈ ಹದಿಮೂರು ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಅದನ್ನು ವಿರೋಧಿಸಬೇಕಾಗಿಲ್ಲ, ದಿಬ್ಬ ಕರಗಿದರೆ ದೂಳೂ ಕಡಿಮೆಯಾದೀತು. ಆದರೆ ಪುಡಿಯನ್ನು ಮತ್ತೆ ಅರೆದು ಎಲ್ಲಿ ಸುರಿಯುತ್ತಾರೆ, ತೆರವಾದ ನೆಲ ಯಾವ ಮಟ್ಟಕ್ಕೆ ಶುದ್ಧವಾಗಬೇಕು, ಅದರ ಮೇಲೆ ಮನೆ, ಶಾಲೆ, ಬಾವಿ ಸಲ್ಲುತ್ತವೆಯೇ, ಕಾವಲಿನ ಠೇವಣಿ ಎಷ್ಟು ಎಂಬುದೆಲ್ಲ ಟೆಂಡರಿನ ಷರತ್ತಿನಲ್ಲಿ ಇರಬೇಕು. ಆ ಷರತ್ತಿನ ಸಾರ ಆ ಸಾವಿರ ಎಕರೆಯ ಪ್ರತಿ ಸರ್ವೆ ನಂಬರಿನ ಪಹಣಿಯಲ್ಲಿ, ಮೊದಲ ಲಾರಿ ಮಣ್ಣು ಎತ್ತುವ ಮುಂಚೆ, ದಾಖಲಾಗಬೇಕು. ಕಂದಾಯ ಇಲಾಖೆ ಮನಸ್ಸು ಮಾಡಿದರೆ ಒಂದು ಸುತ್ತೋಲೆಯಿಂದ ಆರಂಭಿಸಬಹುದಾದ ಕೆಲಸವಿದು. ಗುತ್ತಿಗೆದಾರರು ಚಿನ್ನ ತೆಗೆದುಕೊಂಡು ಹೊರಟ ಮೇಲೆ ಇವನ್ನೆಲ್ಲ ಬರೆಸಿಕೊಳ್ಳಲು ಮೇಜಿನ ಆಚೆ ಯಾರೂ ಕೂತಿರುವುದಿಲ್ಲ.